ಇಲಿಗೆ ಕೆಲಸ ಮಾಡಿದ ನ್ಯಾನೋ ಇನ್ಸುಲಿನ್ ನಮ್ಮ ತನಕ ಯಾಕೆ ಬರ್ತಿಲ್ಲ?

ಸೂಜಿ_ಸಾಕು

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 11 ವರ್ಷ. ಟೈಪ್ 1 ಡಯಾಬಿಟಿಸ್ ಅಂತ ಗೊತ್ತಾಗಿ ನಾಲ್ಕು ವರ್ಷ ಆಯ್ತು. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಪೆನ್, ತೋಳಿನ ಮೇಲೆ ಸೆನ್ಸರ್, ರಾತ್ರಿ ಅಲಾರಂ ಹೊಡೆದಾಗೆಲ್ಲ ನಾನು ಎದ್ದು ನೋಡೋದು. ಈ ನಾಲ್ಕು ವರ್ಷದಲ್ಲಿ "ಇನ್ನು ಚುಚ್ಚೋದು ಬೇಡ, ನ್ಯಾನೋ ಮಾತ್ರೆ ಬಂತು" ಅಂತ ನೆಂಟರು ಕಳಿಸಿರೋ ಸುದ್ದಿಗಳಿಗೆ ಲೆಕ್ಕ ಇಲ್ಲ. ಪ್ರತಿ ಸಲ ಆಸೆಯಿಂದ ಓದ್ತೀನಿ, ಕೊನೇ ಪ್ಯಾರಾದಲ್ಲಿ "ಇಲಿಗಳ ಮೇಲೆ" ಅಂತ ಇರುತ್ತೆ.

ನನಗೆ ಸಮಾಧಾನದ ಮಾತು ಬೇಡ. ಒಳಗಿನ ಕೆಲಸ ಗೊತ್ತಿರೋರು ಯಾರಾದ್ರೂ ಇದ್ರೆ, ಇದು ಎಲ್ಲಿ ಸಿಕ್ಕಿಹಾಕ್ಕೊಂಡಿದೆ ಅಂತ ಬಿಡಿಸಿ ಹೇಳಿ. ನನಗೆ ಅರ್ಥ ಆಗುತ್ತೆ.

ಅಡ್ಡಪ್ರಶ್ನೆ

ಇಲಿಗಳಿಗೆ ಕ್ಯಾನ್ಸರ್, ಬೊಜ್ಜು, ಬೋಳುತಲೆ ಎಲ್ಲಾ ವಾಸಿಯಾಗಿ ಎಷ್ಟೋ ಕಾಲ ಆಯ್ತು ಮೇಡಂ. ಇಲಿಯಾಗಿ ಹುಟ್ಟಬೇಕಿತ್ತು.

ತಮಾಷೆ ಬಿಟ್ಟು, ನನಗೂ ಇದೇ ಅನುಮಾನ. ಗೊತ್ತಿರೋರು ಬರೀರಿ.

ಪುಡಿ_ತಯಾರಕ

ಮೇಡಂ, ನನ್ನ ಪಿಎಚ್‌ಡಿ ಇದರ ಮೇಲೇನೇ. ಐದು ವರ್ಷ ಕೈಟೋಸಾನ್ ಅನ್ನೋ ವಸ್ತುವಿನ ನ್ಯಾನೋಕಣಗಳೊಳಗೆ ಇನ್ಸುಲಿನ್ ತುಂಬಿದೆ. ಈಗ ಬೇರೆ ಕೆಲಸ, ಹಾಗಾಗಿ ಯಾರ ಪರ ವಹಿಸೋ ಅಗತ್ಯ ನನಗಿಲ್ಲ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಇನ್ಸುಲಿನ್ ಅಂದ್ರೆ 51 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್. ಅದನ್ನ ನುಂಗಿದ್ರೆ ಹೊಟ್ಟೆಗೆ ಅದು ಔಷಧಿ ಅಂತ ಗೊತ್ತಾಗಲ್ಲ, ಊಟ ಅಂದುಕೊಂಡು ಜೀರ್ಣ ಮಾಡುತ್ತೆ. ಜಠರದ ಆಮ್ಲ ಅದರ ಮಡಿಕೆ ಬಿಚ್ಚುತ್ತೆ, ಪೆಪ್ಸಿನ್ ಅನ್ನೋ ಜೀರ್ಣರಸದ ಎನ್‌ಜೈಮ್ ಕತ್ತರಿಸುತ್ತೆ, ಉಳಿದಿದ್ದನ್ನ ಕರುಳಲ್ಲಿ ಟ್ರಿಪ್ಸಿನ್ ಮತ್ತೆ ಕೈಮೋಟ್ರಿಪ್ಸಿನ್ ಮುಗಿಸ್ತವೆ. ತಪ್ಪಿಸಿಕೊಂಡಿದ್ದು ಲೋಳೆಯಲ್ಲಿ ಸಿಕ್ಕಿಬೀಳುತ್ತೆ. ಲೋಳೆ ದಾಟಿದ್ರೂ ಕರುಳಿನ ಗೋಡೆಯ ಜೀವಕೋಶಗಳು ಸಂದಿಯಿಲ್ಲದಂತೆ ಅಂಟಿಕೊಂಡು ನಿಂತಿರ್ತವೆ. ಬರೀ ಇನ್ಸುಲಿನ್ ನುಂಗಿದ್ರೆ ರಕ್ತಕ್ಕೆ ಸೇರೋದು ನೂರರಲ್ಲಿ ಒಂದು ಪಾಲೂ ಇಲ್ಲ.

ನ್ಯಾನೋಕಣ ಮಾಡೋದು ಏನಂದ್ರೆ ಇನ್ಸುಲಿನ್‌ಗೆ ಒಂದು ಡಬ್ಬಿ ಒದಗಿಸೋದು. ತಲೆಕೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್. ನಮ್ಮ ಡಬ್ಬಿ 100ರಿಂದ 300. ಸಿಗಡಿ, ಏಡಿಗಳ ಚಿಪ್ಪಿನಿಂದ ಬರೋ ಕೈಟೋಸಾನ್‌ಗೆ ಧನ ವಿದ್ಯುದಂಶ ಇರುತ್ತೆ, ಲೋಳೆಗೆ ಋಣ, ಹಾಗಾಗಿ ಅದು ಅಲ್ಲಿ ಅಂಟಿಕೊಂಡು ನಿಲ್ಲುತ್ತೆ, ಜೀವಕೋಶಗಳ ನಡುವಿನ ಬಿಗಿಯನ್ನ ಸ್ವಲ್ಪ ಹೊತ್ತು ಸಡಿಲ ಮಾಡುತ್ತೆ. ಪಿಎಲ್‌ಜಿಎ ಅನ್ನೋ ಪಾಲಿಮರ್ ನಿಧಾನಕ್ಕೆ ಕರಗಿ ಲ್ಯಾಕ್ಟಿಕ್ ಆಮ್ಲ, ಗ್ಲೈಕೋಲಿಕ್ ಆಮ್ಲ ಆಗುತ್ತೆ. ಕೊಬ್ಬಿನ ಕಣಗಳೂ ಇವೆ.

ಇದೇನು ಹೊಸದಲ್ಲ. ಫ್ರಾನ್ಸಿನಲ್ಲಿ ದಾಮ್ಜೆ, ಕುವ್ರರ್ ಮತ್ತು ಜೊತೆಗಾರರು ಇನ್ಸುಲಿನ್ ತುಂಬಿದ ನ್ಯಾನೋ ಕ್ಯಾಪ್ಸೂಲನ್ನ ಡಯಾಬಿಟಿಸ್ ಇರೋ ಇಲಿಗಳಿಗೆ ಬಾಯಿಂದ ಕೊಟ್ಟು, ಸಕ್ಕರೆ ದಿನಗಟ್ಟಲೆ ಇಳಿದಿದ್ದನ್ನ ಪ್ರಕಟಿಸಿದ್ದು 1988ರಲ್ಲಿ. (ಅವರು ಬಳಸಿದ ಪಾಲಿಮರ್, ಬೆರಳು ತಾಗಿದ್ರೆ ಅಂಟಿಕೊಳ್ಳೋ ಗೋಂದು ಇದೆಯಲ್ಲ, ಅದರ ಮನೆತನದ್ದು.) ಅಂದ್ರೆ ನಿಮ್ಮ ನೆಂಟರು ಕಳಿಸೋ ಸುದ್ದಿಗೆ ನಿಮ್ಮ ಮಗಳ ಮೂರರಷ್ಟು ವಯಸ್ಸಾಗಿದೆ.

ಈಗ ಲೆಕ್ಕ. 1 ಯೂನಿಟ್ ಇನ್ಸುಲಿನ್ ಅಂದ್ರೆ 0.0347 ಮಿಲಿಗ್ರಾಂ. ಇಲಿ ಪ್ರಯೋಗಗಳಲ್ಲಿ ಬಾಯಿಂದ ಕೊಡೋ ಡೋಸ್ ಬಹಳ ಸಲ ಕಿಲೋ ತೂಕಕ್ಕೆ 50 ಯೂನಿಟ್ ಇರುತ್ತೆ. ನಾನೂ ಅಷ್ಟೇ ಕೊಟ್ಟಿದ್ದೆ. 30 ಕಿಲೋ ಮಗುವಿಗೆ ಅದೇ ಲೆಕ್ಕ ಹಾಕಿದ್ರೆ ಒಂದು ಸಲಕ್ಕೆ 1500 ಯೂನಿಟ್. 1000 ಯೂನಿಟ್‌ನ ವಯಲ್ ಒಂದೂವರೆ. ಒಂದೇ ಗುಟುಕಿಗೆ!

ಬಯೋಟೆಕ್_ನಾಲ್ಕನೇ_ಸೆಮ್

ಸರ್, ಆದ್ರೆ ಕಣಗಳನ್ನ ಸುಧಾರಿಸಿದ್ರೆ ರಕ್ತಕ್ಕೆ ಸೇರೋ ಪಾಲು ಜಾಸ್ತಿ ಆಗುತ್ತಲ್ವಾ? 10 ಪರ್ಸೆಂಟ್ ಬಂತು ಅನ್ನೋ ಪೇಪರ್‌ಗಳು ಎಷ್ಟೋ ಇವೆ. 2013ರಲ್ಲಿ ಫರೋಖ್‌ಜಾದ್, ಲ್ಯಾಂಗರ್ ತಂಡ ಕಣದ ಮೇಲೆ ಆಂಟಿಬಾಡಿಯ ಎಫ್‌ಸಿ ತುಂಡು ಕೂರಿಸಿ, ಕರುಳಿನ ಗೋಡೆಯ ರಿಸೆಪ್ಟರ್ ತಾನಾಗೇ ಅದನ್ನ ಒಳಗೆ ಎಳ್ಕೊಳ್ಳೋ ಹಾಗೆ ಮಾಡಿದ್ರು. ನಮ್ಮ ಸೆಮಿನಾರ್‌ಗೆ ಅದನ್ನೇ ಓದಿದ್ದೆ.

ಪುಡಿ_ತಯಾರಕ

ಒಳ್ಳೇ ಪೇಪರ್ ಅದು. ಆದ್ರೆ ನೀನು ಕೇಳಿದ್ದರಲ್ಲೇ ನನ್ನ ಉತ್ತರ ಇದೆ ತಮ್ಮಾ. 10 ಪರ್ಸೆಂಟ್ ಬಂತು ಅಂತಾನೇ ಇಟ್ಕೋ. ಅದು ಸರಾಸರಿ. ನಾನು ಥೀಸಿಸ್‌ನಲ್ಲಿ ಆ ಸರಾಸರಿಯ ಗ್ರಾಫ್ ಹಾಕಿ ಚಪ್ಪಾಳೆ ತಗೊಂಡೆ. ಅದರ ಪಕ್ಕ ಉದ್ದುದ್ದ ಎರರ್ ಬಾರ್ (ಏರಿಳಿತ ಎಷ್ಟು ಅಂತ ತೋರಿಸೋ ಗೆರೆ) ಇತ್ತು, ಯಾರೂ ಕೇಳಲಿಲ್ಲ.

ಈ ಮೇಡಂ ಮಗಳಿಗೆ ಒಂದು ಹೊತ್ತಿಗೆ 4 ಯೂನಿಟ್ ರಕ್ತಕ್ಕೆ ಸೇರಬೇಕು ಅಂತ ಇಟ್ಕೊಳ್ಳೋಣ. 10 ಪರ್ಸೆಂಟ್ ಪಾಲಾದ್ರೆ 40 ಯೂನಿಟ್ ನುಂಗಿಸಬೇಕು. ಒಂದು ದಿನ ಹೊಟ್ಟೆ ಖಾಲಿ ಇತ್ತು, ಕರುಳು ಬೇಗ ಎಳ್ಕೊಂಡ್ತು, 20 ಪರ್ಸೆಂಟ್ ಸೇರ್ತು. ಅಲ್ಲಿಗೆ 8 ಯೂನಿಟ್. ಎರಡರಷ್ಟು. ಇನ್ನೊಂದು ದಿನ ಹೊಟ್ಟೆ ಕೆಟ್ಟಿತ್ತು, 3 ಪರ್ಸೆಂಟ್ ಸೇರ್ತು, ಅದು 1.2 ಯೂನಿಟ್. ಪೆನ್‌ನಲ್ಲಿ ಅರ್ಧ ಯೂನಿಟ್‌ಗೂ ಯೋಚನೆ ಮಾಡೋ ಮಗುವಿಗೆ ಇದು ಔಷಧಿ ಅಲ್ಲ, ಜೂಜು.

ಒಳಗೆ ಕಳಿಸೋದು ಕಷ್ಟ ಅಂತ ಎಲ್ಲರೂ ಬರೀತಾರೆ. ದಿನಾ ಅಷ್ಟೇ ಕಳಿಸೋದು, ಬೇಕಾದಾಗ ನಿಲ್ಲಿಸೋದು, ಇವೆರಡು ಅದಕ್ಕಿಂತ ಕಷ್ಟ. ಪಾಲು ಹೆಚ್ಚಿಸೋದಕ್ಕೆ ಪಟ್ಟ ಶ್ರಮದ ಕಾಲು ಭಾಗನೂ ನಮ್ಮ ಕ್ಷೇತ್ರ ಏರಿಳಿತ ಕಮ್ಮಿ ಮಾಡೋದಕ್ಕೆ ಪಟ್ಟಿಲ್ಲ ಅನ್ನೋದು ನನ್ನ ದೂರು. ಅದರಲ್ಲಿ ನಾನೂ ಸೇರಿದೀನಿ.

ವಾರ್ಡ್_ಡ್ಯೂಟಿ

ವೈದ್ಯೆಯಾಗಿ ಒಂದು ಮಾತು ಸೇರಿಸುತ್ತೇನೆ. ಬೇರೆ ಬಹುತೇಕ ಔಷಧಿಗಳಲ್ಲಿ ಒಂದು ದಿನ ಸ್ವಲ್ಪ ಹೆಚ್ಚು ಕಡಿಮೆ ಆದರೆ ನಡೆಯುತ್ತದೆ. ಇನ್ಸುಲಿನ್‌ನಲ್ಲಿ ನಡೆಯುವುದಿಲ್ಲ. ಸಕ್ಕರೆ 70ಕ್ಕಿಂತ ಕೆಳಗೆ ಇಳಿದರೆ ಲೋ ಅನ್ನುತ್ತೇವೆ, 54ಕ್ಕಿಂತ ಕೆಳಗೆ ಹೋದರೆ ಗಂಭೀರವಾಗಿ ತೆಗೆದುಕೊಳ್ಳಬೇಕು. ಮಿದುಳು ಗ್ಲೂಕೋಸನ್ನೇ ನಂಬಿಕೊಂಡಿರುವ ಅಂಗ. ರಾತ್ರಿ ಪಾಳಿಯಲ್ಲಿ ಲೋ ಆಗಿ ಪ್ರಜ್ಞೆ ತಪ್ಪಿ ಬಂದವರನ್ನು ನೋಡಿದವರಿಗೆ ಈ ಏರಿಳಿತದ ಮಾತು ಬೇಗ ಅರ್ಥವಾಗುತ್ತದೆ.

ಆದರೆ ಮಾತ್ರೆಯ ಪರವಾಗಿಯೂ ಒಂದು ಬಲವಾದ ಕಾರಣ ಇದೆ, ಸೂಜಿ ತಪ್ಪುವುದಷ್ಟೇ ಅಲ್ಲ. ನಮ್ಮ ಮೇದೋಜೀರಕದಿಂದ (ಪ್ಯಾಂಕ್ರಿಯಾಸ್) ಹೊರಟ ಇನ್ಸುಲಿನ್ ಮೊದಲು ಹೋಗುವುದು ಲಿವರ್‌ಗೆ. ಅಲ್ಲಿ ಸುಮಾರು ಅರ್ಧ ಖರ್ಚಾಗಿ ಉಳಿದದ್ದು ದೇಹಕ್ಕೆ ಹರಿಯುತ್ತದೆ. ಚರ್ಮದಡಿ ಚುಚ್ಚಿದಾಗ ಇದು ತಿರುಗುಮುರುಗು: ದೇಹಕ್ಕೆಲ್ಲ ಜಾಸ್ತಿ, ಲಿವರ್‌ಗೆ ಕಡಿಮೆ. ಕರುಳಿನಿಂದ ಹೀರಿದ್ದು ಪೋರ್ಟಲ್ ರಕ್ತನಾಳದ ಮೂಲಕ ಲಿವರ್‌ಗೇ ಮೊದಲು ಹೋಗುತ್ತದೆ, ದೇಹದ ಸಹಜ ದಾರಿಯಲ್ಲೇ. ವಿಜ್ಞಾನಿಗಳು ಇಷ್ಟು ವರ್ಷ ಇದರ ಬೆನ್ನು ಬಿಡದೆ ಇರುವುದಕ್ಕೆ ಅದೂ ಒಂದು ಕಾರಣ.

ಹಳೇ_ಶುಗರ್

ನಾನು ಟೈಪ್ 2, ಇಪ್ಪತ್ತು ವರ್ಷದಿಂದ. ನಮ್ಮಂಥವರಿಗೆ ಕೊಡೋ ಸೆಮಾಗ್ಲುಟೈಡ್ ಅನ್ನೋ ಔಷಧಿ ಮಾತ್ರೆಯಾಗಿ ಬಂದಿದೆಯಲ್ಲ ಸ್ವಾಮಿ? ಅದೂ ಇಂಜೆಕ್ಷನ್ ಆಗಿದ್ದದ್ದೇ ತಾನೇ? ಅದು ಆಗಿದ್ದು ಇದಕ್ಕೆ ಯಾಕಾಗಲ್ಲ?

ಪುಡಿ_ತಯಾರಕ

ಸರ್, ಬಹಳ ಒಳ್ಳೇ ಪ್ರಶ್ನೆ. 2019ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದಕ್ಕೆ ಒಪ್ಪಿಗೆ ಕೊಡ್ತು. ಅದರಲ್ಲಿ ನ್ಯಾನೋಕಣ ಇಲ್ಲ. ಸ್ನ್ಯಾಕ್ ಅನ್ನೋ ಸಣ್ಣ ಅಣು ಮಾತ್ರೆಯ ಸುತ್ತ ಜಠರದ ಆಮ್ಲವನ್ನ ತಗ್ಗಿಸಿ ಅಲ್ಲೇ ಒಳಗೆ ಸೇರಿಸುತ್ತೆ. ಸೇರೋ ಪಾಲು ಎಷ್ಟು ಗೊತ್ತಾ? ಸುಮಾರು ಒಂದು ಪರ್ಸೆಂಟ್, ಅದಕ್ಕಿಂತ ಕಮ್ಮಿನೇ.

ಆದ್ರೂ ನಡೆಯುತ್ತೆ, ಯಾಕಂದ್ರೆ ಸೆಮಾಗ್ಲುಟೈಡ್ ರಕ್ತದಲ್ಲಿ ಅರ್ಧ ಆಗೋಕೆ ಸುಮಾರು ಒಂದು ವಾರ ಬೇಕು. ಇವತ್ತು ಸ್ವಲ್ಪ ಜಾಸ್ತಿ, ನಾಳೆ ಕಮ್ಮಿ ಸೇರಿದ್ರೂ ಒಳಗೆ ಮಟ್ಟ ಸಮ ಆಗುತ್ತೆ. ದೊಡ್ಡ ಕೆರೆಗೆ ದಿನಾ ಒಂದು ಕೊಡ ನೀರು ಹಾಕಿದ ಹಾಗೆ. ಒಂದು ದಿನ ಕೊಡ ತುಂಬಿರಲಿಲ್ಲ ಅಂದ್ರೆ ಕೆರೆಗೆ ಗೊತ್ತಾಗಲ್ಲ. ಊಟದ ಹೊತ್ತಿನ ಇನ್ಸುಲಿನ್‌ಗೆ ಕೆರೆ ಇಲ್ಲ. ಅದರ ಕೆಲಸ ಎಲ್ಲಾ ಒಂದೆರಡು ಗಂಟೆ ಒಳಗೆ.

ನೋವೋ ನಾರ್ಡಿಸ್ಕ್ ಅನ್ನೋ ಔಷಧಿ ಕಂಪನಿ ಇದೇ ಉಪಾಯವನ್ನ ಇನ್ಸುಲಿನ್ ಮೇಲೂ ಮಾಡಿ ನೋಡಿತು. ಐ338 ಅನ್ನೋ ದೀರ್ಘಾಯುಷಿ ಇನ್ಸುಲಿನ್, ಮಾತ್ರೆ ರೂಪದಲ್ಲಿ. ಟೈಪ್ 2 ಇರೋ 50 ಜನರ ಮೇಲೆ ಎಂಟು ವಾರ. ಫಲಿತಾಂಶ 2019ರಲ್ಲಿ ಬಂತು: ದಿನಕ್ಕೊಮ್ಮೆ ಚುಚ್ಚೋ ಗ್ಲಾರ್ಜಿನ್ ಇನ್ಸುಲಿನ್‌ನಷ್ಟೇ ಸಕ್ಕರೆ ಹತೋಟಿಯಲ್ಲಿತ್ತು. ಆದ್ರೂ ಕೈಬಿಟ್ರು. ಮಾತ್ರೆಗೆ ತುಂಬಬೇಕಾದ ಇನ್ಸುಲಿನ್ ಪ್ರಮಾಣ ಅಷ್ಟು ದೊಡ್ಡದು, ಲೋಕಕ್ಕೆಲ್ಲ ತಯಾರಿಸೋದು ಗಿಟ್ಟಲ್ಲ ಅಂತ. ಓರಾಮೆಡ್ ಕಂಪನಿಯ ಬಾಯಿ ಇನ್ಸುಲಿನ್ ಕ್ಯಾಪ್ಸೂಲ್ 2023ರ ಜನವರಿಯಲ್ಲಿ ಮೂರನೇ ಹಂತದ ಪರೀಕ್ಷೇಲಿ ಸೋತಿತು. ಇವೆರಡೂ ನ್ಯಾನೋ ಅಲ್ಲ ಅನ್ನೋದು ನೆನಪಿರಲಿ, ಆದ್ರೆ ಬಾಗಿಲು ಅದೇ.

ಅಡ್ಡಪ್ರಶ್ನೆ

ಅಂದ್ರೆ ಮಾತ್ರೆಯಿಂದ ಬೇಸಲ್ (ದಿನವಿಡೀ ನಿಧಾನಕ್ಕೆ ಕೆಲಸ ಮಾಡೋದು) ಸಾಧ್ಯ, ಬೋಲಸ್ (ಊಟದ ಹೊತ್ತಿನದು) ಕನಸು. ಹೀಗೆ ಮೊದಲೇ ಹೇಳಬಾರದಿತ್ತಾ ಗುರು, ಇಷ್ಟುದ್ದ ಓದಿಸಿದ್ರಿ.

ಪುಡಿ_ತಯಾರಕ

ನೀವು ಒಂದು ಸಾಲಲ್ಲಿ ಹೇಳಿದ್ದಕ್ಕೆ ನನಗೆ ಐದು ವರ್ಷ ಹಿಡೀತು. ಇರಲಿ.

ಸೂಜಿ_ಸಾಕು

ಎಲ್ಲಾ ಓದ್ತಾ ಇದೀನಿ. "ನಿಲ್ಲಿಸೋದು" ಅಂದ್ರಲ್ಲ, ಅದರ ಬಗ್ಗೆ ಹೇಳಿ. ಸಕ್ಕರೆ ನೋಡ್ಕೊಂಡು ತಾನೇ ತೆರೆದು ತಾನೇ ಮುಚ್ಕೊಳ್ಳೋ ಸ್ಮಾರ್ಟ್ ಇನ್ಸುಲಿನ್ ಪ್ಯಾಚ್ ಅಂತ ಒಂದು ವಿಡಿಯೋ ಬಂದಿತ್ತು. ಅದು ನಿಜಾನಾ?

ಬಯೋಟೆಕ್_ನಾಲ್ಕನೇ_ಸೆಮ್

ಇದು ನಾನು ಹೇಳ್ಲಾ ಸರ್? ತಪ್ಪಿದ್ರೆ ತಿದ್ದಿ.

ಆ ಯೋಚನೆ 1979ರದ್ದು, ಬ್ರೌನ್ಲಿ ಮತ್ತು ಸೆರಾಮಿ ಅನ್ನೋರದ್ದು. ಇನ್ಸುಲಿನ್‌ಗೆ ಸಕ್ಕರೆಯ ಬಾಲ ಜೋಡಿಸಿ, ಅದನ್ನ ಸಕ್ಕರೆ ಹಿಡಿಯೋ ಒಂದು ಸಸ್ಯ ಪ್ರೋಟೀನ್‌ಗೆ ಕಟ್ಟಿದ್ರು. ರಕ್ತದಲ್ಲಿ ಗ್ಲೂಕೋಸ್ ಜಾಸ್ತಿಯಾದ್ರೆ ಅದು ಬಂದು ಇನ್ಸುಲಿನ್ನನ್ನ ಜಾಗದಿಂದ ತಳ್ಳುತ್ತೆ. ಆ ಪ್ರೋಟೀನಿಂದ ದೇಹಕ್ಕೇ ತೊಂದರೆ, ಅದಕ್ಕೆ ಮುಂದೆ ಹೋಗಲಿಲ್ಲ.

ಎರಡನೇ ದಾರಿ ಗ್ಲೂಕೋಸ್ ಆಕ್ಸಿಡೇಸ್, ಸಕ್ಕರೆ ಸ್ಟ್ರಿಪ್‌ನಲ್ಲಿ ಬರೋ ಎನ್‌ಜೈಮ್‌ಗಳಲ್ಲಿ ಒಂದು. ಅದು ಗ್ಲೂಕೋಸನ್ನ ಗ್ಲೂಕೋನಿಕ್ ಆಮ್ಲ ಮಾಡುತ್ತೆ. ಸುತ್ತ ಹುಳಿ ಆಗುತ್ತೆ, ಆಮ್ಲಜನಕ ಖರ್ಚಾಗುತ್ತೆ. ಹುಳಿಗೆ ಅಥವಾ ಆಮ್ಲಜನಕದ ಕೊರತೆಗೆ ಒಡೆಯೋ ನ್ಯಾನೋಕಣ ಮಾಡಿದ್ರೆ, ಸಕ್ಕರೆ ಏರಿದಾಗ ಮಾತ್ರ ಇನ್ಸುಲಿನ್ ಹೊರಗೆ. 2013ರಲ್ಲಿ ಝೆನ್ ಗು ಮತ್ತು ಜೊತೆಗಾರರು ಚುಚ್ಚಿ ಇಡೋ ನ್ಯಾನೋಕಣಗಳ ಜಾಲ ಮಾಡಿ ಇಲಿಗಳಲ್ಲಿ 10 ದಿನದವರೆಗೆ ಸಕ್ಕರೆ ಹಿಡಿದಿಟ್ರು. 2015ರಲ್ಲಿ ಅವರ ತಂಡದ್ದೇ ಪ್ಯಾಚ್ ಬಂತು, ಚಿಕ್ಕ ಚಿಕ್ಕ ಸೂಜಿಗಳ ಒಳಗೆ ಇಂಥ ಕಣ. ಮೇಡಂ ನೋಡಿದ ವಿಡಿಯೋ ಇದೇ ಸಾಲಿನದ್ದಿರಬೇಕು.

ಮೂರನೇದು ಫೀನೈಲ್ ಬೋರಾನಿಕ್ ಆಮ್ಲ, ಎನ್‌ಜೈಮ್ ಬೇಕಿಲ್ಲ, ಗ್ಲೂಕೋಸ್ ಜೊತೆ ನೇರ ಬೆಸೆಯುತ್ತೆ. 2020ರಲ್ಲಿ ಇದನ್ನ ಬಳಸಿದ ಪ್ಯಾಚ್ ಮಿನಿ ಹಂದಿಗಳಲ್ಲಿ ಸುಮಾರು 20 ಗಂಟೆ ಕೆಲಸ ಮಾಡ್ತು.

ಪುಡಿ_ತಯಾರಕ

ತಿದ್ದೋದು ಏನೂ ಇಲ್ಲ, ಚೆನ್ನಾಗಿ ಹೇಳಿದೆ. ಎರಡು ಮಾತು ಸೇರಿಸ್ತೀನಿ. ಆಕ್ಸಿಡೇಸ್ ದಾರೀಲಿ ಹೈಡ್ರೋಜನ್ ಪೆರಾಕ್ಸೈಡ್ ಕೂಡ ಹುಟ್ಟುತ್ತೆ, ಅದು ಚರ್ಮಕ್ಕೂ ಒಳ್ಳೇದಲ್ಲ, ಎನ್‌ಜೈಮ್‌ಗೂ ಅಲ್ಲ. ಬೋರಾನಿಕ್ ಆಮ್ಲಕ್ಕೆ ಗ್ಲೂಕೋಸ್‌ಗಿಂತ ಫ್ರಕ್ಟೋಸ್ ಮೇಲೆ ಒಲವು ಜಾಸ್ತಿ, ಅದನ್ನ ಸರಿದಾರಿಗೆ ತರೋಕೆ ರಸಾಯನದಲ್ಲಿ ಬಹಳ ಕಸರತ್ತು ಬೇಕು.

ಇವೆಲ್ಲಕ್ಕೂ ಇರೋ ಕಷ್ಟ ಮುಚ್ಚೋದರಲ್ಲಿ. ಸಕ್ಕರೆ ಏರಿದಾಗ ತೆರೆಯೋ ಬಾಗಿಲು ಮಾಡಬಹುದು. ಇಳಿಯೋಕೆ ಶುರುವಾದ ತಕ್ಷಣ ಮುಚ್ಚೋದು ನಿಧಾನ, ಅಷ್ಟರಲ್ಲಿ ಹೊರಗೆ ಬಂದು ಚರ್ಮದಡಿ ಕೂತ ಇನ್ಸುಲಿನ್ನನ್ನ ವಾಪಸ್ ಕರೆಯೋಕಾಗಲ್ಲ. ಪ್ಯಾಂಕ್ರಿಯಾಸ್ ನೇರ ರಕ್ತಕ್ಕೆ ಸುರಿಯುತ್ತೆ, ನಿಮಿಷಗಳಲ್ಲಿ ನಿಲ್ಲಿಸುತ್ತೆ.

ಅಡ್ಡಪ್ರಶ್ನೆ

ಹಾಗಿದ್ರೆ ನ್ಯಾನೋ ಯಾಕೆ ಬೇಕು? ಇನ್ಸುಲಿನ್ ಅಣುವನ್ನೇ ಬುದ್ಧಿವಂತ ಮಾಡಿದ್ರೆ ಆಗಲ್ವಾ? 2024ರ ಅಕ್ಟೋಬರ್‌ನಲ್ಲಿ ಎನ್‌ಎನ್‌ಸಿ2215 ಅಂತ ಒಂದು ಹೊಸ ಇನ್ಸುಲಿನ್ ಬಂತು. ಇನ್ಸುಲಿನ್ ಮೇಲೇ ಒಂದು ಕೀಲು, ಗ್ಲೂಕೋಸ್ ಕಮ್ಮಿಯಾದ್ರೆ ಮಡಚಿಕೊಳ್ಳುತ್ತೆ, ಜಾಸ್ತಿಯಾದ್ರೆ ತೆರೆಯುತ್ತೆ. ರಕ್ತಕ್ಕೆ ಸೇರಿದ ಮೇಲೂ ತೆರೆದು ಮುಚ್ಚೋದು ಅದರ ಗುಣ. ನಿಮ್ಮ "ವಾಪಸ್ ಕರೆಯೋಕಾಗಲ್ಲ" ಅನ್ನೋದಕ್ಕೆ ಅದೇ ಉತ್ತರ ಅಲ್ವಾ?

ಪುಡಿ_ತಯಾರಕ

ಒಪ್ಪಿದೆ. ಡಬ್ಬಿ ಮಾಡೋರಿಗಿಂತ ಅಣು ತಿದ್ದೋರು ಮುಂದಿದಾರೆ ಅಂತ ನನಗೂ ಅನ್ನಿಸಿದೆ, ಹೇಳೋಕೆ ಸ್ವಲ್ಪ ಹೊಟ್ಟೆ ಉರಿಯುತ್ತೆ ಅಷ್ಟೆ. ಅದೂ ಆ ಪ್ರಕಟಣೆಯಲ್ಲಿ ಇಲಿ ಮತ್ತು ಹಂದಿಗಳ ಮೇಲಷ್ಟೇ. ಆದ್ರೆ ಒಂದು ಅಣುವನ್ನ ಪ್ರತಿ ಸಲ ಒಂದೇ ಥರ ತಯಾರಿಸಬಹುದು. ಕಣ ಹಾಗಲ್ಲ. ಸೋಮವಾರ ಮಾಡಿದ್ದು 180 ನ್ಯಾನೋಮೀಟರ್, ಗುರುವಾರ ಅದೇ ಪಾತ್ರೆ, ಅದೇ ಕೈ, 240. ಬಾಟಲಿ ಗಾತ್ರದಿಂದ ಕಾರ್ಖಾನೆ ಗಾತ್ರಕ್ಕೆ ಹೋಗೋದು ಅಂದ್ರೆ ಬೇರೆಯೇ ಕಥೆ. ಒಳಗೆ ತುಂಬಿದ ಇನ್ಸುಲಿನ್‌ನಲ್ಲಿ ಒಂದು ಪಾಲು ಕಣದ ಮೈಮೇಲೇ ಅಂಟಿಕೊಂಡಿರುತ್ತೆ, ದ್ರವಕ್ಕೆ ಬಿದ್ದ ತಕ್ಷಣ ಅದೆಲ್ಲ ಒಟ್ಟಿಗೆ ಬಿಡುತ್ತೆ. ಪಿಎಲ್‌ಜಿಎ ಕರಗುವಾಗ ಒಳಗೆ ಹುಳಿಯಾಗಿ ಇನ್ಸುಲಿನ್ನನ್ನೇ ಕೆಡಿಸೋದೂ ಉಂಟು.

ಹಳೇ_ಶುಗರ್

ಕೋವಿಡ್ ಲಸಿಕೆ ನ್ಯಾನೋಕಣವೇ ತಾನೇ? ಕೋಟಿಗಟ್ಟಲೆ ಮಾಡಿದ್ರಲ್ಲ.

ವಾರ್ಡ್_ಡ್ಯೂಟಿ

ಹೌದು, ಎಂಆರ್‌ಎನ್‌ಎ ಲಸಿಕೆಗಳಲ್ಲಿ ಕೊಬ್ಬಿನ ನ್ಯಾನೋಕಣ ಇತ್ತು. ಕ್ಯಾನ್ಸರ್‌ಗೆ ಡಾಕ್ಸಿಲ್ 1995ರಿಂದ ಇದೆ, 2018ರಲ್ಲಿ ನರಗಳ ಒಂದು ಅಪರೂಪದ ಕಾಯಿಲೆಗೆ ಪಟಿಸಿರಾನ್ ಬಂತು, ಅವೂ ನ್ಯಾನೋಕಣಗಳೇ. ಆದರೆ ಸರ್, ಲಸಿಕೆ ಕೆಲವೇ ಡೋಸ್, ಪಟಿಸಿರಾನ್ ಮೂರು ವಾರಕ್ಕೊಮ್ಮೆ. ಊಟಕ್ಕೊಂದರಂತೆ ದಿನಕ್ಕೆ ಮೂರು ಅಂದುಕೊಂಡರೂ 50 ವರ್ಷಕ್ಕೆ 54,750 ಡೋಸ್. ಒಂದೊಂದರಲ್ಲಿ ಅತಿ ಚಿಕ್ಕ ಪ್ರಮಾಣದ ವಸ್ತು ದೇಹದಲ್ಲಿ ಉಳಿದರೂ ಕೂಡಿಸಿ ನೋಡಿ. ರಕ್ತಕ್ಕೆ ಸೇರಿದ ನ್ಯಾನೋಕಣಗಳು ಬಹಳಷ್ಟು ಹೋಗಿ ಕೂರುವುದು ಲಿವರ್ ಮತ್ತು ಗುಲ್ಮದಲ್ಲಿ.

ಅದಕ್ಕೇ 2024ರ ಜನವರಿಯ ಸಿಡ್ನಿ ಮತ್ತು ನಾರ್ವೆ ವಿಜ್ಞಾನಿಗಳ ಸುದ್ದಿ ಓದಿದಾಗ ನನಗೆ ಖುಷಿಯ ಜೊತೆ ಅಳುಕೂ ಆಯಿತು. ಸಿಲ್ವರ್ ಸಲ್ಫೈಡ್‌ನ ಅತಿ ಸಣ್ಣ ಕಣಕ್ಕೆ ಇನ್ಸುಲಿನ್ ಅಂಟಿಸಿ ಮೇಲೆ ಕೈಟೋಸಾನ್ ಲೇಪ. ಇಲಿ ಅಷ್ಟೇ ಅಲ್ಲ, ಬಬೂನ್‌ಗಳಿಗೂ ಕೊಟ್ಟಿದ್ದಾರೆ, ಲೋ ಆಗುವುದು ಕಡಿಮೆ ಅನ್ನುವುದೇ ಅದರ ಮುಖ್ಯ ಮಾತು. ಪ್ರಶ್ನೆ ಸರಿಯಾದದ್ದೇ ಕೇಳಿಕೊಂಡಿದ್ದಾರೆ. ಆದರೆ ಬೆಳ್ಳಿ, ದಿನಾ, ಜೀವನಪೂರ್ತಿ? ಅದಕ್ಕೆ ಉತ್ತರ ಕೆಲವು ವಾರಗಳ ಪ್ರಯೋಗದಲ್ಲಿ ಸಿಗುವಂಥದ್ದಲ್ಲ.

ಹಳೇ_ಶುಗರ್

ಇನ್ನೊಂದು ಕೇಳಿಬಿಡ್ತೀನಿ. "ನ್ಯಾನೋ ಡ್ರಾಪ್ಸ್, ನಾಲಿಗೆ ಕೆಳಗೆ ಮೂರು ಹನಿ, ಇನ್ಸುಲಿನ್ ಬಿಡಿ" ಅಂತ ಜಾಹೀರಾತು ದಿನಾ ಫೋನಲ್ಲಿ ಬರುತ್ತೆ. ನನ್ನ ತಮ್ಮ ಆರ್ಡರ್ ಮಾಡಿ ಕೂತಿದಾನೆ.

ವಾರ್ಡ್_ಡ್ಯೂಟಿ

ನಿಮ್ಮ ತಮ್ಮನಿಗೆ ಇವತ್ತೇ ಫೋನ್ ಮಾಡಿ. ಎಫ್‌ಡಿಎ ಆಗಲಿ ಯುರೋಪಿನ ಇಎಂಎ ಆಗಲಿ ಒಪ್ಪಿದ ನ್ಯಾನೋಕಣ ಇನ್ಸುಲಿನ್ ಒಂದೂ ಇಲ್ಲ. ಇನ್ಸುಲಿನ್ ತಾವಾಗೇ ನಿಲ್ಲಿಸಿದರೆ ಕೀಟೋಅಸಿಡೋಸಿಸ್ (ರಕ್ತದಲ್ಲಿ ಆಮ್ಲ ತುಂಬುವುದು) ಆಗಬಹುದು, ಟೈಪ್ 1 ಇದ್ದವರಿಗೆ ಅದು ಒಂದೆರಡು ದಿನದಲ್ಲೇ ಜೀವಕ್ಕೆ ಅಪಾಯ ತರುತ್ತದೆ.

ಸೂಜಿ_ಸಾಕು

ಇದೇ ಡ್ರಾಪ್ಸ್ ನನಗೂ ಕಳಿಸಿದ್ರು, ಹತ್ತಿರದವರೇ. ಆ ದಿನ ನಾನು ಆಡಿದ ಮಾತು ಇಲ್ಲಿ ಬರೆಯೋಕಾಗಲ್ಲ.

ಇನ್ನೊಂದು ಸಂದೇಹ. ಇನ್ಸುಲಿನ್ ಸಾಗಿಸೋದು ಬಿಟ್ಟು, ಕಾಯಿಲೆ ಬುಡಕ್ಕೇ ನ್ಯಾನೋ ಹೋಗೋ ದಾರಿ ಇದೆಯಾ? ಟೈಪ್ 1ರಲ್ಲಿ ದೇಹವೇ ಇನ್ಸುಲಿನ್ ತಯಾರಿಸೋ ತನ್ನ ಬೀಟಾ ಕೋಶಗಳನ್ನ ಕೊಲ್ಲುತ್ತೆ ಅಂತಾರಲ್ಲ, ಅದನ್ನ ನಿಲ್ಲಿಸೋದು?

ಪುಡಿ_ತಯಾರಕ

ಇದೆ, ನನಗೆ ನಿಜವಾಗಿ ಆಸೆ ಇರೋದೂ ಅಲ್ಲೇ. ಕೆನಡಾದ ಕ್ಯಾಲ್ಗರಿಯಲ್ಲಿ ಪೇರೆ ಸಾಂತಮರಿಯಾ ತಂಡ ಕಬ್ಬಿಣದ ಆಕ್ಸೈಡ್ ಕಣದ ಮೇಲೆ, ಪ್ರತಿರಕ್ಷಣಾ ಕೋಶಗಳು ಗುರುತಿಸೋ ಪೆಪ್ಟೈಡ್ (ಪ್ರೋಟೀನಿನ ಚೂರು) ತುಂಡುಗಳನ್ನ ಅವು ಸಹಜವಾಗಿ ಕೂರೋ ಪ್ರೋಟೀನ್ ಸಮೇತ ಅಂಟಿಸಿತು. 2010 ಮತ್ತು 2016ರ ಪೇಪರ್‌ಗಳು. ಇಡೀ ಪ್ರತಿರಕ್ಷಣೆಯನ್ನ ಮಲಗಿಸದೆ, ಜಗಳ ಬಿಡಿಸೋ ಕೋಶಗಳನ್ನ ಮಾತ್ರ ಬೆಳೆಸೋದು ಉದ್ದೇಶ. ಇಲ್ಲಿ ಕಣ ಬರೀ ಡಬ್ಬಿ ಅಲ್ಲ. ಒಂದೇ ಮೈಮೇಲೆ ಎಷ್ಟು ತುಂಡು, ಎಷ್ಟು ಒತ್ತೊತ್ತಾಗಿ ಕೂತಿವೆ ಅನ್ನೋದೇ ಔಷಧಿ. ಒಂಟಿ ಅಣುವಿನಿಂದ ಈ ಕೆಲಸ ಆಗಲ್ಲ. ಡೋಸ್ ಏರಿಳಿತದ ತೊಂದರೆಯೂ ಇಲ್ಲಿ ಅಷ್ಟಿಲ್ಲ, ಯಾಕಂದ್ರೆ ಇದು ಊಟ ಊಟಕ್ಕೂ ಕೊಡೋದಲ್ಲ.

ತಣ್ಣೀರು ಎರಚೋದೂ ನಾನೇ: ಆ ಪ್ರಯೋಗ ನಡೆದ ಎನ್‌ಒಡಿ ಅನ್ನೋ ಇಲಿ ತಳಿಯಲ್ಲಿ ಡಯಾಬಿಟಿಸ್ ತಡೆದ ವಿಧಾನಗಳು ನೂರಕ್ಕೂ ಹೆಚ್ಚಿವೆ. ಮನುಷ್ಯರಲ್ಲಿ ಕಾಯಿಲೆ ಮುಂದೂಡೋಕೆ ಎಫ್‌ಡಿಎ ಒಪ್ಪಿದ್ದು 2022ರಲ್ಲಿ ಟೆಪ್ಲಿಝುಮಾಬ್ ಒಂದನ್ನ, ಅದು ಆಂಟಿಬಾಡಿ, ನ್ಯಾನೋಕಣ ಅಲ್ಲ. ಮುಂದೂಡಿದ್ದು ಸುಮಾರು ಎರಡು ವರ್ಷ.

ಸೂಜಿ_ಸಾಕು

ನನ್ನ ಮಗಳಿಗೆ ಆ ಹಂತ ದಾಟಿ ಹೋಗಿದೆ. ಗೊತ್ತು. ಆದ್ರೂ ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್.

ಅವಳೂ ಪಕ್ಕದಲ್ಲಿ ಕೂತು ಇದನ್ನೆಲ್ಲ ಓದ್ತಿದಾಳೆ. ಅವಳದ್ದೊಂದು ಪ್ರಶ್ನೆ, ಹಾಗೇ ಟೈಪ್ ಮಾಡ್ತೀನಿ: "ಇಲಿಗೆ ಲೋ ಆದ್ರೆ ಅದು ಹೇಗೆ ಹೇಳುತ್ತೆ? ನನಗೆ ಕೈ ನಡುಗುತ್ತೆ, ನಾನು ಅಮ್ಮಂಗೆ ಹೇಳ್ತೀನಿ."

ಪುಡಿ_ತಯಾರಕ

ಪುಟ್ಟಿ, ಅದು ಹೇಳಲ್ಲ. ನಾವೇ ಆಗಾಗ ಅದರ ಬಾಲದಿಂದ ಒಂದು ಹನಿ ರಕ್ತ ತೆಗೆದು ನೋಡ್ತೀವಿ. ಎರಡು ಹನಿಗಳ ನಡುವೆ ಲೋ ಆಗಿ ಸರಿಹೋಗಿದ್ರೆ ನಮಗೆ ಗೊತ್ತೇ ಆಗಲ್ಲ, ಗ್ರಾಫ್‌ನಲ್ಲಿ ಗೆರೆ ನೇರ ಇರುತ್ತೆ. ನನ್ನ ಥೀಸಿಸ್‌ನಲ್ಲಿ ನಾನು ಎರಡು ಗಂಟೆಗೊಂದು ಸಲ ತೆಗೆದಿದ್ದೆ.

ಸೂಜಿ_ಸಾಕು

ಅವಳ ಸೆನ್ಸರ್ ಐದು ನಿಮಿಷಕ್ಕೊಂದು ಸಲ ಓದುತ್ತಂತೆ. ಎರಡು ಗಂಟೆ ತುಂಬಾ ಜಾಸ್ತಿ ಆಯ್ತು ಅಂಕಲ್ ಅಂತಿದಾಳೆ.